ಮಳೆಗೆ ಮುಂಚಿನ ಕುಣಿತ

ಈ ಚಿತ್ರದಲ್ಲಿ ಒಂದು ಹನಿ ನೀರೂ ಇಲ್ಲ. ಹೆಸರಿನಲ್ಲಿ ಮಾತ್ರ ಪ್ರಳಯ.

ಸೌತಾಂಪ್ಟನ್ ಅಂದರೆ ನಮ್ಮವರಿಗೆ ತಟ್ಟನೆ ನೆನಪಾಗುವುದು 2021ರ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್. ಎರಡು ದಿನ ಮಳೆಗೆ ಕೊಚ್ಚಿಹೋಗಿ ಕೊನೆಗೆ ನ್ಯೂಜಿಲೆಂಡ್ ಗೆದ್ದ ಪಂದ್ಯ. ಅದೇ ಊರಿನ ಅಂಥದೇ ಮಳೆಯಿಂದ ತಪ್ಪಿಸಿಕೊಳ್ಳಲು ಒಂದು ಶನಿವಾರ ಮಧ್ಯಾಹ್ನ ಸಿವಿಕ್ ಸೆಂಟರ್‌ನಲ್ಲಿರುವ ಸಿಟಿ ಆರ್ಟ್ ಗ್ಯಾಲರಿಗೆ ನುಗ್ಗಿದ್ದೆ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ, ಬೆಚ್ಚಗಿರುತ್ತದೆ, ಕೂರಲು ಬೆಂಚಿದೆ. ಇದನ್ನು ಕಲಾಪ್ರೇಮ ಅಂತ ಯಾರೂ ಹೊಗಳಬೇಕಾಗಿಲ್ಲ. ಒದ್ದೆ ಕೋಟನ್ನು ಮಡಚಿ ಕೈಮೇಲೆ ಹಾಕಿಕೊಂಡು ಸುಮ್ಮನೆ ಸುತ್ತುತ್ತಿದ್ದವಳು ಒಂದು ಕಡೆ ನಿಂತೆ. ನಿಂತವಳು ಹತ್ತು ನಿಮಿಷ ಅಲ್ಲಾಡಲಿಲ್ಲ.

ಅರೆಬಟ್ಟೆಯ ಹೆಂಗಸರು ನಡುವೆ ಕುಣಿಯುತ್ತಿದ್ದಾರೆ. ಒಂದು ಪಕ್ಕದಲ್ಲಿ ಗಂಡಸರ ಗುಂಪು, ಕಣ್ಣು ಕೀಳದೆ ನೋಡುತ್ತಿದೆ. ಕೆಲವರಿಗೆ ಆಗಲೇ ಜೊತೆ ಸಿಕ್ಕಿದೆ, ಅವರ ಲೋಕ ಅವರದು. ಬಣ್ಣ ಮಾತ್ರ ಏನು ಬಣ್ಣ ಅಂತೀರಿ! ಮೈಬಣ್ಣ ಅಂತ ಒಂದು ಬಣ್ಣವಿಲ್ಲ ಅನ್ನುವುದು ಇಂಥ ಚಿತ್ರ ನೋಡಿದಾಗಲೇ ಗೊತ್ತಾಗುವುದು. ಮೊಣಕೈ ಹತ್ತಿರ ಕೆಂಪು, ಭುಜದ ಮೇಲೆ ಕೆನೆ, ನೆರಳು ಬಿದ್ದಲ್ಲಿ ಹಸಿರು ಬೆರೆತ ಬೂದು. ಹತ್ತಿರ ಹೋದರೆ ಬರೀ ಕಲೆಗಳು, ಎರಡು ಹೆಜ್ಜೆ ಹಿಂದೆ ಬಂದರೆ ಉಸಿರಾಡುವ ಚರ್ಮ. ನನಗೆ ಖುಷಿಯಾಯಿತು. ಯಾವುದೋ ಸುಗ್ಗಿ ಹಬ್ಬ, ಯಾವುದೋ ಗ್ರೀಕ್ ಕತೆ ಇರಬೇಕು ಅಂದುಕೊಂಡೆ. ಹಿಂದೆ ಆಕಾಶ ಕಪ್ಪಿಟ್ಟಿದ್ದನ್ನು ನೋಡಿದ್ದೆ, ಆದರೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಮೇಲೆ ಬಗ್ಗಿ ಹೆಸರು ಓದಿದೆ. ಜಲಪ್ರಳಯಕ್ಕೆ ಮುಂಚಿನ ಲೋಕ. ವಿಲಿಯಂ ಎಟ್ಟಿ, 1828.

ತಲೆಯೆತ್ತಿ ಮತ್ತೆ ನೋಡಿದರೆ ಚಿತ್ರ ಅದೇ, ಕುಣಿತ ಅದೇ. ಆದರೆ ಅಷ್ಟೂ ಜನ ಬೈಬಲಿನ ಆ ಪ್ರಳಯದಲ್ಲಿ ಮುಳುಗಿ ಸಾಯುವವರು. ಅದು ಗೊತ್ತಿರುವುದು ನನಗೊಬ್ಬಳಿಗೆ, ಅವರಿಗಲ್ಲ. ಹತ್ತು ನಿಮಿಷದ ನನ್ನ ಖುಷಿ ಬಾಯಲ್ಲಿ ಒಗರಾಯಿತು. ಅವತ್ತಿನಿಂದ ಈ ಚಿತ್ರ ನನ್ನನ್ನು ಬಿಟ್ಟಿಲ್ಲ.

ಪ್ರಳಯ ಅಂತ ಹೆಸರಿಟ್ಟು ನೀರನ್ನು ಬಿಟ್ಟು ಬರೆಯಲು ಆ ಕಾಲದಲ್ಲಿ ಧೈರ್ಯ ಬೇಕಿತ್ತು. 1820ರ ದಶಕದ ಇಂಗ್ಲೆಂಡಿಗೆ ಪ್ರಳಯದ ಹುಚ್ಚು ಹಿಡಿದಿತ್ತು. ಬೈರನ್ ಅದರ ಬಗ್ಗೆ ಕಾವ್ಯನಾಟಕ ಬರೆದ. ಜಾನ್ ಮಾರ್ಟಿನ್ 1826ರಲ್ಲಿ ತನ್ನ ಪ್ರಳಯವನ್ನು ಪ್ರದರ್ಶನಕ್ಕಿಟ್ಟ. ಅವನದು ಬೆಟ್ಟಗಳೇ ಉರುಳುವ, ಮನುಷ್ಯರು ಇರುವೆಯಂತೆ ಬಂಡೆಗೆ ಅಂಟಿಕೊಳ್ಳುವ ಜಾತಿಯ ಚಿತ್ರ. ಜನ ಕಾಸು ಕೊಟ್ಟು ಸಾಲುಗಟ್ಟಿ ನೋಡುತ್ತಿದ್ದ ಕಾಲ ಅದು, ಇವತ್ತು ನಾವು ಗ್ರಾಫಿಕ್ಸ್ ಇರುವ ಸಿನಿಮಾಕ್ಕೆ ಹೋದ ಹಾಗೆ. ವಿಜ್ಞಾನಿಗಳೂ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. 1821ರಲ್ಲಿ ಯಾರ್ಕ್‌ಷೈರಿನ ಕರ್ಕ್‌ಡೇಲ್ ಎಂಬಲ್ಲಿ ಕಲ್ಲುಗಣಿಯವರಿಗೆ ಒಂದು ಗುಹೆ ಸಿಕ್ಕಿತು. ಒಳಗೆ ರಾಶಿ ಮೂಳೆ. ದನದ್ದಿರಬೇಕು ಅಂತ ಜಲ್ಲಿಯ ಜೊತೆ ರಸ್ತೆಗೆ ಹಾಕಿಬಿಟ್ಟರಂತೆ. ನೋಡಿದರೆ ಅವು ಕತ್ತೆಕಿರುಬ, ಆನೆ, ಘೇಂಡಾಮೃಗ, ನೀರಾನೆಗಳವು! ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ನೀರಾನೆ! ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲ್ಯಾಂಡ್ ಪಾದ್ರಿಯೂ ಹೌದು, ಭೂವಿಜ್ಞಾನಿಯೂ ಹೌದು. ಪ್ರಳಯಕ್ಕೆ ಮುಂಚೆ ಇದು ಕತ್ತೆಕಿರುಬಗಳ ಗುಹೆಯಾಗಿತ್ತು, ಉಳಿದ ಪ್ರಾಣಿಗಳನ್ನು ಅವೇ ಎಳೆದು ತಂದು ತಿಂದಿದ್ದವು ಅಂತ ಅವನು ವಾದಿಸಿದ, 1823ರಲ್ಲಿ ಪುಸ್ತಕ ತಂದ. ಹಾಗಾಗಿ ‘ಪ್ರಳಯಕ್ಕೆ ಮುಂಚಿನ ಲೋಕ’ ಅನ್ನುವುದು ಆ ವರ್ಷಗಳಲ್ಲಿ ಬರೀ ಚರ್ಚಿನ ಮಾತಾಗಿರಲಿಲ್ಲ. ಎಟ್ಟಿ ಹುಟ್ಟಿದ್ದು ಅದೇ ಸೀಮೆಯ ಯಾರ್ಕ್ ಪಟ್ಟಣದಲ್ಲಿ. ಊರ ಹತ್ತಿರ ಸಿಕ್ಕ ಮೂಳೆಗಳ ಸುದ್ದಿ ಅವನ ಕಿವಿಗೆ ಬೀಳದೆ ಇರಲಾರದು ಅಂತ ನನ್ನ ಊಹೆ. ಆದರೂ ಅವನ ಕುಂಚ ಹಿಡಿದದ್ದು ಮೂಳೆಯನ್ನೂ ಅಲ್ಲ, ನೀರನ್ನೂ ಅಲ್ಲ.

ಅವನು ಹಿಡಿದದ್ದು ಒಬ್ಬ ಕುರುಡ ಕಂಡದ್ದನ್ನು.

ಬೈಬಲಿನ ಆದಿಕಾಂಡದ ಆರನೇ ಅಧ್ಯಾಯದಲ್ಲಿ ಈ ಕತೆ ಎರಡು ಮೂರು ವಾಕ್ಯಕ್ಕಿಂತ ಹೆಚ್ಚಿಲ್ಲ. ದೇವಪುತ್ರರು ಮನುಷ್ಯರ ಹೆಣ್ಣುಮಕ್ಕಳ ಚೆಲುವನ್ನು ಕಂಡು ಬೇಕಾದವರನ್ನು ಮದುವೆಯಾದರು. ಲೋಕದಲ್ಲಿ ಕೆಡುಕು ಹೆಚ್ಚಿತು. ಮನುಷ್ಯನನ್ನು ಸೃಷ್ಟಿಸಿದ್ದಕ್ಕೆ ದೇವರು ಮರುಗಿದ. ಅಷ್ಟೆ. ಈ ಎಳೆಯನ್ನು ಹಿಡಿದು ಇಂಗ್ಲಿಷ್ ಕವಿ ಜಾನ್ ಮಿಲ್ಟನ್ ತನ್ನ ಮಹಾಕಾವ್ಯ ‘ಪ್ಯಾರಡೈಸ್ ಲಾಸ್ಟ್’ನ 11ನೇ ಸರ್ಗದಲ್ಲಿ ಒಂದು ಇಡೀ ಬಯಲನ್ನು ಹರಡಿದ. ಲಂಡನ್ನಿನ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಪ್ರದರ್ಶನಕ್ಕೆ ಕಳಿಸುವಾಗ ಎಟ್ಟಿ ತನ್ನ ಚಿತ್ರಕ್ಕೆ ಆಧಾರವಾಗಿ ಕೊಟ್ಟದ್ದು ಬೈಬಲನ್ನಲ್ಲ, ಮಿಲ್ಟನ್ನನ ಸಾಲುಗಳನ್ನು.

ಬಿ.ಎ.ನಲ್ಲಿ ನಮಗೆ ಮಿಲ್ಟನ್ ಇದ್ದ. ಇದ್ದ ಅಂದರೆ ಮೊದಲ ಸರ್ಗ ಇತ್ತು. ಸೈತಾನನ ಭಾಷಣ, ಉಪಮೆಗಳು, ಹತ್ತು ಅಂಕದ ಒಂದು ಪ್ರಶ್ನೆ. 11ನೇ ಸರ್ಗದ ಬಗ್ಗೆ ನಮ್ಮ ಮೇಷ್ಟ್ರು ಹೇಳಿದ್ದು ಒಂದೇ ಮಾತು: “ಕೊನೇ ಎರಡು ಬೋರು, ಯಾರೂ ಓದಲ್ಲ.” ಇಪ್ಪತ್ತು ವರ್ಷ ನಾನೂ ಓದಲಿಲ್ಲ. ಆ ಶನಿವಾರ ರಾತ್ರಿ ಫೋನಿನಲ್ಲಿ ಹುಡುಕಿ, ಹಾಸಿಗೆಯಲ್ಲಿ ಮಲಗಿಕೊಂಡೇ ಓದಿದೆ. ಬೋರಂತೆ ಬೋರು!

ಸಂದರ್ಭ ಹೀಗಿದೆ. ಹಣ್ಣು ತಿಂದಾಗಿದೆ, ಆದಾಮ ಹವ್ವರನ್ನು ತೋಟದಿಂದ ಹೊರಹಾಕಲು ಮೀಕಾಯೇಲ ದೂತ ಬಂದಿದ್ದಾನೆ. ಹೊರಹಾಕುವ ಮೊದಲು ಆದಾಮನನ್ನು ಬೆಟ್ಟದ ತುದಿಗೆ ಕರೆದೊಯ್ದು ಮುಂದೆ ಆಗುವುದನ್ನು ತೋರಿಸುತ್ತಾನೆ. ಅದಕ್ಕೂ ಮೊದಲು ಕಣ್ಣಿನ ಔಷಧಿ. ತಿಂದ ಹಣ್ಣಿನಿಂದಾಗಿ ಆದಾಮನ ಕಣ್ಣಿಗೆ ಪೊರೆ ಬಂದಿದೆ. ದೂತ ಆ ಪೊರೆ ತೆಗೆದು, ಎರಡು ಗಿಡಮೂಲಿಕೆಗಳಿಂದ ಕಣ್ಣಿನ ನರವನ್ನು ಶುಚಿಮಾಡುತ್ತಾನೆ. ಅದರಲ್ಲಿ ಒಂದು ನಮ್ಮ ನಾಗದಾಳಿ ಸೊಪ್ಪೇ. ಆಮೇಲೆ ಜೀವಜಲದ ಮೂರು ಹನಿ ಬಿಡುತ್ತಾನೆ. ಇದನ್ನು ಬರೆಸಿದವನಿಗೆ ಆಗ ಎರಡೂ ಕಣ್ಣು ಇರಲಿಲ್ಲ. 1652ರ ಹೊತ್ತಿಗೆ ಮಿಲ್ಟನ್ ಪೂರ್ತಿ ಕುರುಡನಾಗಿದ್ದ. ರಾತ್ರಿ ಮನಸ್ಸಿನಲ್ಲೇ ಸಾಲು ಕಟ್ಟಿ, ಬೆಳಿಗ್ಗೆ ಬರೆದುಕೊಳ್ಳುವವರು ಬರುವುದು ತಡವಾದರೆ “ನನ್ನ ಹಾಲು ಕರೆಯಬೇಕು” ಅಂತ ಗೊಣಗುತ್ತಿದ್ದನಂತೆ. ಅಂಥವನು ಬರೆಸಿದ ಕಣ್ಣಿನ ಔಷಧಿ ಇದು. ಆ ಮೂರು ಹನಿಯನ್ನು ಓದುವಾಗ ನನ್ನ ಕಣ್ಣೇ ಉರಿದ ಹಾಗಾಯಿತು.

ಮೊದಲು ಕಾಣುವುದು ಒಂದು ಹೊಲ. ಅಣ್ಣ ತಮ್ಮನನ್ನು ಕಲ್ಲಿನಿಂದ ಹೊಡೆದು ಕೊಲ್ಲುತ್ತಾನೆ. ಸಾವು ಅಂದರೆ ಇದೇನಾ ಅಂತ ಆದಾಮ ನಡುಗುತ್ತಾನೆ. ಎರಡನೆಯದು ರೋಗಿಗಳು ತುಂಬಿದ ಕತ್ತಲ ಮನೆ. ಜ್ವರ, ಸೆಳೆತ, ಹುಣ್ಣು, ಹುಚ್ಚು, ಹಾಸಿಗೆಯಿಂದ ಹಾಸಿಗೆಗೆ ಓಡಾಡುವ ನಿರಾಶೆ. ಆದಾಮ ಅಳುತ್ತಾನೆ.

ಮೂರನೆಯದು ನಮ್ಮ ಚಿತ್ರ. ವಿಶಾಲವಾದ ಬಯಲು, ಬಣ್ಣಬಣ್ಣದ ಡೇರೆಗಳು, ಮೇಯುವ ದನ, ವಾದ್ಯಗಳ ನಾದ, ಕಬ್ಬಿಣ ಕಾಸುವ ಕುಲುಮೆ. ಆಚೆ ಬೆಟ್ಟದಿಂದ ಕೆಲವು ಗಂಡಸರು ಇಳಿದು ಬರುತ್ತಾರೆ. ದೈವಭಕ್ತರು, ಗಂಭೀರ ಮುಖದವರು. ಅಷ್ಟರಲ್ಲಿ ಡೇರೆಗಳಿಂದ ಒಡವೆ ಹಾಕಿಕೊಂಡ ಹೆಂಗಸರು ಹಾಡುತ್ತ, ಕುಣಿಯುತ್ತ ಹೊರಬರುತ್ತಾರೆ. ಗಂಡಸರು ಎಷ್ಟು ಗಂಭೀರರಾದರೂ ಕಣ್ಣಿನ ಲಗಾಮು ಬಿಟ್ಟುಬಿಟ್ಟರು ಅನ್ನುತ್ತಾನೆ ಮಿಲ್ಟನ್. ನೋಡಿದರು, ಬಲೆಗೆ ಬಿದ್ದರು, ಮೆಚ್ಚಿದರು, ತಮಗೆ ಮೆಚ್ಚಾದವರನ್ನು ಆರಿಸಿಕೊಂಡರು. ದೇವಪುತ್ರರು ಅಂದರೆ ದೇವತೆಗಳು ಅಂತ ಕೆಲವರು ಅರ್ಥ ಮಾಡುತ್ತಾರೆ, ಇಲ್ಲಿ ಮಿಲ್ಟನ್ ಹಾಗೆ ಮಾಡಲಿಲ್ಲ. ಇವರು ಬರೀ ಮನುಷ್ಯರು, ಒಳ್ಳೆಯ ಮನೆತನದ ಸಭ್ಯರು. ಹಾಗೆ ಮಾಡಿದ್ದರಿಂದ ಕತೆ ನಮ್ಮ ಮನೆ ಬಾಗಿಲಿಗೇ ಬಂತು.

ಆದಾಮ ಏನು ಮಾಡಿದ ಗೊತ್ತೇ? ಖುಷಿಪಟ್ಟ. ನನ್ನ ಹಾಗೆಯೇ. “ಇದು ಎಷ್ಟೋ ವಾಸಿ” ಅನ್ನುತ್ತಾನೆ ದೂತನಿಗೆ. “ಮೊದಲಿನ ಎರಡರಲ್ಲಿ ದ್ವೇಷ, ಸಾವು, ನೋವು ಇತ್ತು. ಇದರಲ್ಲಿ ಮುಂದೆ ಒಳ್ಳೆಯ ದಿನ ಬರುವ ಸೂಚನೆಯಿದೆ. ಪ್ರಕೃತಿ ಇಲ್ಲಿ ತನ್ನ ಗುರಿ ಮುಟ್ಟಿದ ಹಾಗಿದೆ.” ಕಣ್ಣಿನ ಪೊರೆ ತೆಗೆಸಿಕೊಂಡು ಒಂದು ಗಳಿಗೆಯೂ ಆಗಿಲ್ಲ, ಇವನ ದೃಷ್ಟಿ ನೋಡಿ! ಮೀಕಾಯೇಲ ಗದರುತ್ತಾನೆ: ಯಾವುದು ಒಳ್ಳೆಯದು ಅನ್ನುವುದನ್ನು ಸುಖದಿಂದ ಅಳೆಯಬೇಡ. ಆ ಚೆಂದದ ಡೇರೆಗಳು ಕೆಡುಕಿನ ಡೇರೆಗಳು. ಇವರು ಈಗ ನಗುತ್ತಿದ್ದಾರೆ, ಇವರಿಗಾಗಿ ಲೋಕವೇ ಒಂದು ಲೋಕದಷ್ಟು ಕಣ್ಣೀರು ಸುರಿಸಬೇಕಾಗುತ್ತದೆ.

ಈಗ ಚಿತ್ರದ ಮುಂದೆ ಮತ್ತೆ ನಿಲ್ಲಿ. ಕಾವ್ಯದಲ್ಲಿ ಮೂರು ಪಾಲಿದೆ: ಕುಣಿತ, ಅದನ್ನು ನೋಡುವ ಆದಾಮ, ಅರ್ಥ ಹೇಳುವ ದೂತ. ಚಿತ್ರದಲ್ಲಿರುವುದು ಕುಣಿತ ಒಂದೇ. ಆದಾಮನೂ ಇಲ್ಲ, ಮೀಕಾಯೇಲನೂ ಇಲ್ಲ. ಬೆಟ್ಟದ ತುದಿ ಎಲ್ಲಿದೆ ಅಂದರೆ ಗ್ಯಾಲರಿಯ ನೆಲದಲ್ಲಿ, ನೀವು ಒದ್ದೆ ಶೂ ಹಾಕಿಕೊಂಡು ನಿಂತ ಜಾಗದಲ್ಲಿ. ಎಟ್ಟಿ ಆದಾಮನನ್ನು ಬರೆಯಲಿಲ್ಲ, ಯಾಕೆಂದರೆ ಆ ಜಾಗದಲ್ಲಿ ಬಂದು ನಿಲ್ಲುವವರು ಇರುತ್ತಾರೆ ಅಂತ ಅವನಿಗೆ ಗೊತ್ತಿತ್ತು. ಮೀಕಾಯೇಲನ ಪಾಲಿಗೆ ಬಿಟ್ಟದ್ದು ಆ ಒಂದು ಮೋಡವನ್ನು. ಅದು ಗದರುವುದಿಲ್ಲ, ಸುಮ್ಮನೆ ಬರುತ್ತಿರುತ್ತದೆ.

ಇದು ಅವನು ಲೆಕ್ಕ ಹಾಕಿ ಮಾಡಿದ್ದೋ, ಹೆಂಗಸರ ಮೈ ಬರೆಯುವ ಹುರುಪಿನಲ್ಲಿ ಉಳಿದವರನ್ನು ಮರೆತನೋ? ಕೊಂಕು ಮಾತಲ್ಲ, ಆ ಕಾಲದಲ್ಲೇ ಎದ್ದ ಪ್ರಶ್ನೆ. ಎಟ್ಟಿಯ ವಿಷಯ ಹೇಳದೆ ಇದಕ್ಕೆ ಉತ್ತರವಿಲ್ಲ.

ಹುಟ್ಟಿದ್ದು 1787ರಲ್ಲಿ. ಅಪ್ಪ ಗಿರಣಿ ಇಟ್ಟುಕೊಂಡು ಬೇಕರಿ ನಡೆಸುತ್ತಿದ್ದ, ಮನೆಯವರು ಮೆಥಡಿಸ್ಟ್ ಪಂಥದವರು. ಹುಡುಗನಿಗೆ ಹನ್ನೊಂದು ದಾಟುತ್ತಿದ್ದಂತೆ ಹಲ್ ಪಟ್ಟಣದ ಒಂದು ಅಚ್ಚುಕೂಟಕ್ಕೆ ಏಳು ವರ್ಷದ ಕರಾರಿಗೆ ಕಳಿಸಿದರು. ಮೊಳೆ ಜೋಡಿಸುತ್ತಾ ಕಳೆದ ಆ ವರ್ಷಗಳನ್ನು ಅವನು ಜೈಲುವಾಸದಂತೆ ನೆನೆಯುತ್ತಿದ್ದ. ಕರಾರು ಮುಗಿಯುವ ದಿನವನ್ನು ಗಂಟೆ ಲೆಕ್ಕದಲ್ಲಿ ಕಾದವನು. ಆಮೇಲೆ ಲಂಡನ್ನು, ಚಿಕ್ಕಪ್ಪನ ಆಸರೆ, 1807ರಲ್ಲಿ ರಾಯಲ್ ಅಕಾಡೆಮಿಯ ಶಾಲೆ. ಜೊತೆಯವರೆಲ್ಲ ಹೆಸರು ಮಾಡುತ್ತ ಹೋದರು, ಇವನು ಮಾತ್ರ ಅಲ್ಲೇ ಕೂತು ಕಲಿಯುತ್ತಲೇ ಇದ್ದ. ಕುಳ್ಳು, ದೊಡ್ಡ ತಲೆ, ಮುಖದ ತುಂಬ ಸಿಡುಬಿನ ಕಲೆ, ವಿಪರೀತ ಸಂಕೋಚ. ಮದುವೆಯಾಗಲಿಲ್ಲ. ವೆನಿಸ್‌ಗೆ ಹೋಗಿ ಟಿಷಿಯನ್, ವೆರೊನೀಸರನ್ನು ತಿಂಗಳುಗಟ್ಟಲೆ ನಕಲು ಮಾಡಿಬಂದ. ಆ ಬೆಚ್ಚನೆಯ ಕಂದುಬಂಗಾರ ಅವನ ಕುಂಚದಿಂದ ಮತ್ತೆ ಹೋಗಲೇ ಇಲ್ಲ.

ಜೀವಮಾನವಿಡೀ ಅವನು ಬಿಡದ ಜಾಗ ಒಂದೇ, ಅಕಾಡೆಮಿಯ ಸಂಜೆಯ ಮಾಡೆಲ್ ತರಗತಿ. ದೀಪದ ಬೆಳಕಿನಲ್ಲಿ ಬೆತ್ತಲೆ ಮಾಡೆಲ್ ನಿಂತಿರುತ್ತಾರೆ, ಹುಡುಗರು ಸುತ್ತ ಕೂತು ಬರೆಯುತ್ತಾರೆ. ಎಟ್ಟಿ ಮೊದಲ ಸಂಜೆ ರೂಪರೇಖೆ ಹಾಕುತ್ತಿದ್ದ, ಎರಡನೇ ಸಂಜೆ ದಪ್ಪ ಬಣ್ಣದಲ್ಲಿ ಮೈ ತುಂಬುತ್ತಿದ್ದ, ಅದು ಆರಿದ ಮೇಲೆ ಮೂರನೇ ಸಂಜೆ ಎಣ್ಣೆಯಲ್ಲಿ ತೆಳುವಾದ ಬಣ್ಣವನ್ನು ಗಾಜಿನ ಪದರದಂತೆ ಮೇಲೆ ಎಳೆಯುತ್ತಿದ್ದ. ಬೆಳಕು ಆ ಪದರದೊಳಗೆ ಹೋಗಿ, ಕೆಳಗಿನ ಬಿಳುಪಿಗೆ ತಾಕಿ ಹೊರಗೆ ಬರುತ್ತದೆ. ನಮ್ಮ ಚರ್ಮದಲ್ಲೂ ಬೆಳಕು ಆಡುವುದು ಹೆಚ್ಚುಕಡಿಮೆ ಹೀಗೆಯೇ. ಹತ್ತಿರದಿಂದ ಕಲೆ, ದೂರದಿಂದ ಉಸಿರು ಅಂದೆನಲ್ಲ, ಅದರ ಗುಟ್ಟು ಈ ಮೂರನೇ ಸಂಜೆಯಲ್ಲಿದೆ. ಅಕಾಡೆಮಿಯ ಪೂರ್ಣ ಸದಸ್ಯನಾಗುವ ಹೊತ್ತಿಗೆ, ಇನ್ನು ಹುಡುಗರ ಜೊತೆ ಕೂರುವುದು ನಿನ್ನ ಅಂತಸ್ತಿಗೆ ತಕ್ಕದ್ದಲ್ಲ ಅಂದವರಿದ್ದರು. ತರಗತಿ ಬಿಡಬೇಕಾದರೆ ಆ ಸದಸ್ಯತ್ವವೇ ಬೇಡ ಅನ್ನುವುದು ಅವನ ನಿಲುವಾಗಿತ್ತು.

ಆ ಸದಸ್ಯತ್ವ ಸಿಕ್ಕಿದ್ದು ಈ ಚಿತ್ರದ ವರ್ಷವೇ. 1828ರ ಫೆಬ್ರುವರಿಯ ಚುನಾವಣೆಯಲ್ಲಿ ಎಟ್ಟಿಗೆ 18 ಮತ, ಎದುರಾಳಿಗೆ 5. ಎದುರಾಳಿ ಯಾರು ಅಂದರೆ ನಿಸರ್ಗಚಿತ್ರಗಳ ಜಾನ್ ಕಾನ್‌ಸ್ಟಬಲ್! ಇವತ್ತು ಬಿಸ್ಕತ್ತಿನ ಡಬ್ಬಿ ಮೇಲೂ ಕಾನ್‌ಸ್ಟಬಲ್‌ನ ಹುಲ್ಲುಗಾಡಿ ಇರುತ್ತದೆ, ಎಟ್ಟಿಯನ್ನು ಅವನ ಊರಿನವರೂ ಮರೆತಿದ್ದಾರೆ. ಅವತ್ತಿನ ಲೆಕ್ಕ ಬೇರೆಯಿತ್ತು. ಅದೇ ಬೇಸಿಗೆಯ ಪ್ರದರ್ಶನದಲ್ಲಿ ಎಟ್ಟಿಯ ಚಿತ್ರ ನೋಡಿದ ಕಾನ್‌ಸ್ಟಬಲ್, ಎಂದಿನ ಹಾಗೆ ಸೇಟರ್‌ಗಳ ಮತ್ತು ಹೆಂಗಸರ ಕುಂಡಿಗಳ ಗದ್ದಲ ಅಂತ ಪತ್ರದಲ್ಲಿ ಗೇಲಿ ಮಾಡಿದ. ಸೇಟರ್ ಅಂದರೆ ಗ್ರೀಕ್ ಕತೆಗಳ ಅರ್ಧ ಆಡು, ಅರ್ಧ ಮನುಷ್ಯ, ಪೂರ್ತಿ ಕಾಮುಕ. ಮಿಲ್ಟನ್ನನ ಈ ಬಯಲಿನಲ್ಲಿ ಅಂಥ ಪ್ರಾಣಿ ಒಂದೂ ಇಲ್ಲ, ಇರುವವರು ಸಭ್ಯ ಗಂಡಸರು. ಹೊಟ್ಟೆಕಿಚ್ಚಿನಲ್ಲಿ ಆಡಿದ ಮಾತಾದರೂ ಕಾನ್‌ಸ್ಟಬಲ್ ಅರಿವಿಲ್ಲದೆ ನಿಜ ಹೇಳಿಬಿಟ್ಟ ಅನಿಸುತ್ತದೆ. ಲಗಾಮು ಬಿಟ್ಟ ಕಣ್ಣಿನ ಗಂಡಸು ದೂರದಿಂದ ಆಡಿನ ಕಾಲಿನವನಂತೆ ಕಂಡರೆ ತಪ್ಪು ಯಾರದು? ಪಾಪ, ಆ ವರ್ಷದ ಕೊನೆಯಲ್ಲಿ ಕಾನ್‌ಸ್ಟಬಲ್‌ನ ಹೆಂಡತಿ ತೀರಿಕೊಂಡಳು. ಮರುವರ್ಷ ಅವನಿಗೂ ಸದಸ್ಯತ್ವ ಬಂತು, ಹಂಚಿಕೊಳ್ಳಲು ಅವಳಿರಲಿಲ್ಲ.

ಪತ್ರಿಕೆಗಳಂತೂ ಮೊದಲಿನಿಂದಲೂ ಎಟ್ಟಿಯ ಬೆನ್ನು ಹತ್ತಿದ್ದವು. 1822ರಲ್ಲೇ ‘ದ ಟೈಮ್ಸ್’ ಬುದ್ಧಿ ಹೇಳಿತ್ತು: ರಾಫೆಲ್‌ನ ಪಾವಿತ್ರ್ಯ ಇದ್ದರೆ ಬೆತ್ತಲೆಯನ್ನು ಸಹಿಸಬಹುದು, ಎಟ್ಟಿಯ ಕ್ಯಾನ್ವಾಸಿನಲ್ಲಿರುವುದು ಬರೀ ಕೊಳಕು ಮಾಂಸ. ಈ ಚಿತ್ರಕ್ಕೂ ಎರಡೂ ಬಗೆಯ ಮಾತು ಬಂತು. ಬಣ್ಣವನ್ನು, ಕಸುವನ್ನು ಹೊಗಳಿದವರೇ ಅಸಭ್ಯ ಅಂತ ಮೂಗು ಮುರಿದರು. ಎಟ್ಟಿಗೆ ಇದು ನಿಜಕ್ಕೂ ಅರ್ಥವಾಗುತ್ತಿರಲಿಲ್ಲ ಅಂತ ಕಾಣುತ್ತದೆ. ದೇವರ ಸೃಷ್ಟಿಯಲ್ಲಿ ಎಲ್ಲಕ್ಕಿಂತ ಸುಂದರವಾದದ್ದು ಹೆಣ್ಣು, ಅದಕ್ಕೇ ಅವಳನ್ನು ಬರೆಯುವುದಕ್ಕೆ ಜೀವನ ಮುಡಿಪಿಟ್ಟೆ ಅನ್ನುವುದು ಅವನ ಸರಳ ತರ್ಕ. ಶುದ್ಧ ಮನಸ್ಸಿನವರಿಗೆ ಎಲ್ಲವೂ ಶುದ್ಧ ಅನ್ನುವ ಬೈಬಲ್ ಮಾತನ್ನು ಮುಂದಿಡುತ್ತಿದ್ದ.

ಆದರೂ ಬೈಗುಳ ಎಲ್ಲೋ ಒಳಗೆ ನಾಟಿರಬೇಕು. 1832ರಲ್ಲಿ ಅವನು ಇನ್ನೊಂದು ದೊಡ್ಡ ಚಿತ್ರ ಪ್ರದರ್ಶಿಸಿದ. ಕುಡಿದು ಮೆರೆಯುವವರ ಗುಂಪು, ಮೇಲಿನಿಂದ ಎರಗುವ ಸಂಹಾರದೂತ, ಜನರನ್ನು ಎಳೆದೊಯ್ಯುವ ಪಿಶಾಚಿಗಳು. ನೋಡಿ, ನಾನೂ ನೀತಿ ಬಲ್ಲೆ ಅಂತ ಟೀಕಾಕಾರರಿಗೆ ಕೊಟ್ಟ ಉತ್ತರ. ಈಗ ಮ್ಯಾಂಚೆಸ್ಟರಿನಲ್ಲಿದೆ. ನನಗೆ ಅದು ಹಿಡಿಸಲಿಲ್ಲ. ಅದರಲ್ಲಿ ಮೀಕಾಯೇಲ ಬಾಯಿ ಬಿಟ್ಟಿದ್ದಾನೆ. ದೂತ ಕಣ್ಣೆದುರಿಗೇ ಬಂದ ಮೇಲೆ ನೋಡುವವರು ಜಾಣರಾಗಿಬಿಡುತ್ತೇವೆ, ತಪ್ಪಿತಸ್ಥರು ಚೌಕಟ್ಟಿನ ಒಳಗೆ, ನಾವು ಹೊರಗೆ. ಅದೇ ವರ್ಷದ ಇನ್ನೊಂದು ಚಿತ್ರ ಅದಕ್ಕಿಂತ ಎಷ್ಟೋ ಮೇಲು. ಥಾಮಸ್ ಗ್ರೇ ಕವಿತೆಯ ಒಂದು ಸಾಲು ಅದಕ್ಕೆ ಮೂಲ. ಬಂಗಾರದ ದೋಣಿ, ಮುಂಗಡೆ ಯೌವನ, ಚುಕ್ಕಾಣಿಯಲ್ಲಿ ಸುಖ, ಗುಳ್ಳೆ ಊದುತ್ತಿರುವ ಮಗು. ಅಲ್ಲೂ ಹಿಂದೆ ಒಂದು ಬಿರುಗಾಳಿ ಹುಟ್ಟುತ್ತಿದೆ. ಅಲ್ಲೂ ಯಾರೂ ಹಿಂದಿರುಗಿ ನೋಡುವುದಿಲ್ಲ. ಒಂದೇ ಮಾತನ್ನು ನಾಲ್ಕು ವರ್ಷದ ಅಂತರದಲ್ಲಿ ಎರಡು ಸಲ ಇಷ್ಟು ಹದವಾಗಿ ಹೇಳಿದವನು ಮೈ ಬರೆಯುವ ಹುರುಪಿನಲ್ಲಿ ಮೋಡವನ್ನು ಸುಮ್ಮನೆ ಮೆತ್ತಿದ ಅಂತ ನಾನು ನಂಬುವುದಿಲ್ಲ.

ಕನ್ನಡ ಓದಿದವರಿಗೆ ಇಷ್ಟು ಹೊತ್ತಿಗೆ ನೀಲಾಂಜನೆ ನೆನಪಾಗಿರುತ್ತಾಳೆ. ನನಗೆ ನೆನಪಾದದ್ದು ಬಸ್ಸಿನಲ್ಲಿ ಮನೆಗೆ ಹೋಗುವಾಗ. ಪಂಪನ ಆದಿಪುರಾಣ, ಕ್ರಿ.ಶ. 941. ಆಯಸ್ಸು ಮುಗಿಯುತ್ತ ಬಂದ ನೀಲಾಂಜನೆಯನ್ನು ಇಂದ್ರ ಬೇಕೆಂತಲೇ ಆದಿದೇವನ ಸಭೆಯಲ್ಲಿ ಕುಣಿಯಲು ನಿಲ್ಲಿಸುತ್ತಾನೆ. ಕುಣಿಯುತ್ತಿದ್ದ ಹಾಗೆಯೇ ಅವಳು ಮಿಂಚಿನಂತೆ ಇಲ್ಲವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರ ಆ ಕ್ಷಣವೇ ಅವಳಂಥ ಇನ್ನೊಬ್ಬಳನ್ನು ಅಲ್ಲಿ ತಂದಿಡುತ್ತಾನೆ. ತಾಳ ತಪ್ಪುವುದಿಲ್ಲ, ಸಭೆಗೆ ಏನೂ ಗೊತ್ತಾಗುವುದಿಲ್ಲ. ಆದಿದೇವನೊಬ್ಬನಿಗೆ ಗೊತ್ತಾಗುತ್ತದೆ, ಅವನಿಗೆ ವೈರಾಗ್ಯ ಹುಟ್ಟುತ್ತದೆ. ಯಾರೂ ಅವನಿಗೆ ಹೇಳಬೇಕಾಗಲಿಲ್ಲ. ಕುಣಿತದ ಒಳಗಿದ್ದ ಸಾವನ್ನು ಅವನು ಕುಣಿತದಲ್ಲೇ ಕಂಡ. ಆದಾಮ ಅಂಥವನಲ್ಲ. ಅವನು ಆ ಸಭೆಯ ಹಿಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಿರುವವನು. ಪಕ್ಕದಲ್ಲಿ ಒಬ್ಬರು ಮೊಣಕೈಯಿಂದ ತಿವಿದು ಹೇಳಬೇಕು. ಎಟ್ಟಿಯ ಚಿತ್ರದ ಮುಂದೆ ನಿಂತಾಗ ನಾನು ಯಾವ ಸಾಲಿನವಳು ಅನ್ನುವುದು ಸ್ಪಷ್ಟವಾಗಿತ್ತು. ಸ್ವಲ್ಪ ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ಹಾಗಂತ ಎಟ್ಟಿಯನ್ನು ಪೂರ್ತಿ ಬಿಟ್ಟುಕೊಡುವುದೂ ಬೇಡ. ಮಿಲ್ಟನ್ನನಲ್ಲಿ ಒಂದು ಸಣ್ಣ ಜಟಾಪಟಿಯಿದೆ. ದೂತ ಗದರಿದ ಮೇಲೆ ಆದಾಮ, ನೋಡಿದೆಯಾ, ಗಂಡಸಿನ ಕಷ್ಟ ಯಾವಾಗಲೂ ಹೆಂಗಸಿನಿಂದಲೇ ಶುರು ಅನ್ನುತ್ತಾನೆ. ಹವ್ವಳ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ದೂತ ತಕ್ಷಣ ತಿರುಗಿಸಿ ಹೊಡೆಯುತ್ತಾನೆ: ಶುರುವಾಗುವುದು ಗಂಡಸಿನ ಸಡಿಲುತನದಿಂದ. ಆ ಕಾಲಕ್ಕೆ ಸಣ್ಣ ಮಾತಲ್ಲ. ಆದರೆ ಮಿಲ್ಟನ್ ಹೇಳಲು ಬಳಸಿದ ಪದ ‘ಹೆಣ್ಣಿಗತನದ ಸಡಿಲು’ ಅನ್ನುವ ಅರ್ಥದ್ದು, ಅಂದರೆ ತಪ್ಪು ಗಂಡಸಿನದಾದರೂ ಬೈಗುಳ ಹೆಂಗಸಿಗೇ! ಎಟ್ಟಿಯಲ್ಲೂ ಇದೇ ಗಂಟು. ನೋಡುವ ಗಂಡಸರ ಮುಖ, ನಿಲುವು, ಅವರು ಕರಗುವ ಬಗೆ ಎಲ್ಲವನ್ನೂ ಬರೆದಿದ್ದಾನೆ, ಆದರೆ ಬೆಳಕೆಲ್ಲ ಸುರಿದದ್ದು ಹೆಂಗಸರ ಮೈಮೇಲೆ. ಕೇಸು ಗಂಡಸರ ಮೇಲೆ, ಪ್ರದರ್ಶನ ಹೆಂಗಸರದು. ಆ ಭುಜ, ಆ ಸೊಂಟ ಯಾರೋ ನಿಜವಾದ ಹೆಂಗಸರದ್ದು. ಗಂಟೆ ಲೆಕ್ಕದ ಕೂಲಿಗೆ ಲಂಡನ್ನಿನ ಚಳಿಯಲ್ಲಿ ಕೈ ಎತ್ತಿ ನಿಂತವರು. ಕ್ಯಾಟಲಾಗಿನಲ್ಲಿ ಮಿಲ್ಟನ್ನನ ಹೆಸರಿತ್ತು, ಎಟ್ಟಿಯ ಹೆಸರಿತ್ತು. ಎತ್ತಿದ ಕೈ ನೋವಾಗಿ ಇಳಿಸುವ ಮೊದಲು ಎಷ್ಟು ಹೊತ್ತು ನಿಂತಿದ್ದಳೋ ಪುಣ್ಯಾತ್ಗಿತ್ತಿ.

ಚಿತ್ರವನ್ನು ಮಾರ್ಕ್ವೆಸ್ ಆಫ್ ಸ್ಟಾಫರ್ಡ್ 500 ಗಿನಿ ಕೊಟ್ಟು ಕೊಂಡ. ಒಂದು ಗಿನಿ ಅಂದರೆ 21 ಷಿಲಿಂಗ್, ದೊಡ್ಡವರ ಲೆಕ್ಕದ ನಾಣ್ಯ. ಸುಮಾರು ಎಂಬತ್ತು ವರ್ಷ ಆ ಮನೆತನದಲ್ಲೇ ಇತ್ತು. ಅಷ್ಟರಲ್ಲಿ ವಿಕ್ಟೋರಿಯಾ ಕಾಲದ ಮರ್ಯಾದೆ ಎಟ್ಟಿಯನ್ನು ಅಟ್ಟಕ್ಕೆ ಸೇರಿಸಿತ್ತು. 1937ರಲ್ಲಿ ಸೌತಾಂಪ್ಟನ್ನಿಗೆ ಸಿಕ್ಕಾಗ ಬೆಲೆ 195 ಗಿನಿ. ನೂರು ವರ್ಷದ ಮೇಲೂ ಅರ್ಧ ಬೆಲೆ ಇಲ್ಲ! ಇದಕ್ಕೆ ಮುಂಚೆ ಬರೆದ ಒಂದು ಎಣ್ಣೆ ಕರಡು ಯಾರ್ಕ್‌ನ ಗ್ಯಾಲರಿಯಲ್ಲಿದೆ. ಆ ಗ್ಯಾಲರಿಯ ಮುಂದೆ ಎಟ್ಟಿಯದೇ ಕಲ್ಲಿನ ಪ್ರತಿಮೆ ನಿಂತಿದೆ. ಊರಿನ ಹಳೆಯ ಕೋಟೆಗೋಡೆ ಕೆಡವಲು ಹೊರಟಾಗ ಬೇಡವೆಂದು ಪತ್ರ ಬರೆದೂ ಬರೆದೂ ಹೋರಾಡಿದವನು ಇವನು. ಆ ಗೋಡೆಗಳ ಮೇಲೆ ಇವತ್ತಿಗೂ ಜನ ವಾಕಿಂಗ್ ಹೋಗುತ್ತಾರೆ.

ಸೌತಾಂಪ್ಟನ್ನಿಗೆ ಚಿತ್ರ ಬಂದು ಮೂರೇ ವರ್ಷ. 1940ರ ನವೆಂಬರ್ 6ರ ಮಧ್ಯಾಹ್ನ ಜರ್ಮನ್ ವಿಮಾನಗಳ ಬಾಂಬು ಇದೇ ಸಿವಿಕ್ ಸೆಂಟರ್ ಮೇಲೆ ಬಿತ್ತು. ಸತ್ತವರಲ್ಲಿ ಕಟ್ಟಡದ ಆರ್ಟ್ ಸ್ಕೂಲಿನಲ್ಲಿ ಚಿತ್ರ ಕಲಿಯುತ್ತಿದ್ದ ಮಕ್ಕಳೂ ಇದ್ದರು. ಅವರ ಕೈಯಲ್ಲಿ ಆಗ ಪೆನ್ಸಿಲ್ ಇದ್ದಿರಬೇಕು. ಮಿಲ್ಟನ್ನನಲ್ಲಿ ಕೊನೆಗೆ ನೀರು ಬರುತ್ತದೆ, ದಡವಿಲ್ಲದ ಕಡಲು. ಅರಮನೆಗಳಲ್ಲಿ ಕಡಲಪ್ರಾಣಿಗಳು ಮರಿ ಹಾಕುತ್ತವೆ. ಆಗ ಕವಿ ಕತೆ ಹೇಳುವುದನ್ನು ನಿಲ್ಲಿಸಿ, ಎಷ್ಟು ನೊಂದೆಯಪ್ಪಾ ಆದಾಮ, ನಿನ್ನ ಮಕ್ಕಳೆಲ್ಲ ಮುಗಿದದ್ದನ್ನು ಕಂಡು ಅಂತ ನೇರ ಅವನನ್ನೇ ಮಾತಾಡಿಸುತ್ತಾನೆ. ಇಂಥದ್ದು ಗೊತ್ತಾಗದೆಯೇ ಬದುಕಿದ್ದರೆ ಚೆನ್ನಾಗಿತ್ತು ಅನ್ನುತ್ತಾನೆ ಆದಾಮ. ಕಣ್ಣಿನ ಪೊರೆ ತೆಗೆಸಿಕೊಂಡವನ ಮಾತು ಇದು.

ಕಳೆದ ಸಲ ಹೋದಾಗ ಗೆಳತಿಯ ಮಗಳು ಜೊತೆಗಿದ್ದಳು, ಎಂಟು ವರ್ಷ. ಅವಳಮ್ಮನ ಅನುಮತಿ ಪಡೆದೇ ಕರೆದೊಯ್ದೆ. ಬೆತ್ತಲೆ ಚಿತ್ರಕ್ಕೆ ಅವಳು ಕಿಸಕ್ಕೆಂದು ನಕ್ಕು ಮುಗಿಸಿದಳು, ಅದಕ್ಕಿಂತ ಹೆಚ್ಚಿನ ತಲೆನೋವು ಇದ್ದದ್ದು ದೊಡ್ಡವರಿಗೆ. ಹೆಸರು ಓದಿದ ಕೂಡಲೇ ಅವಳ ಪ್ರಶ್ನೆ: “ಹಾಗಾದರೆ ಜಿರಾಫೆ ಎಲ್ಲಿ?” ಅವಳ ಶಾಲೆಯ ಪುಸ್ತಕದಲ್ಲಿ ನೋಹನ ನಾವೆಯಿಂದ ಎರಡು ಜಿರಾಫೆ ಕತ್ತು ಚಾಚಿರುತ್ತವೆ.

“ಇನ್ನೂ ನಾವೆ ಕಟ್ಟಿಲ್ಲ ಪುಟ್ಟಾ.”

“ನೋಹ?”

“ಇಲ್ಲಿಲ್ಲ.”

“ಇವರಿಗೆಲ್ಲ ಯಾರೂ ಹೇಳಿಲ್ವಾ?”

ನಾನು ಉತ್ತರ ಹುಡುಕುತ್ತಿರುವಾಗಲೇ ಅವಳು ಚಿತ್ರದ ಹತ್ತಿರ ಹೋಗಿ, ಕೈ ತಾಕದ ಹಾಗೆ ಹಿಂದೆ ಕಟ್ಟಿಕೊಂಡು, ಕುಣಿಯುವವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಗಲ್ಲದಿಂದಲೇ ಒಬ್ಬಳನ್ನು ತೋರಿಸಿ ಹೇಳಿದಳು: “ನನಗೆ ಇವಳು ಇಷ್ಟ.”